ಫೋನ್ ಕಂಪನಿ ಬದಲಿಸಿದ ಮೇಲೆ ಬಂದ ಬಿಲ್: ಕಟ್ಟಬೇಕೋ, ಬೇಡವೋ?

ಈ ಸಲ ಬಂದ ಕಾಗದಗಳಲ್ಲಿ ಮೊಬೈಲ್ ಬಿಲ್ಲಿನ ಗೋಳೇ ಜಾಸ್ತಿ. ಅದಕ್ಕೇ ಬೇರೆ ಪ್ರಶ್ನೆಗಳನ್ನೆಲ್ಲ ಮುಂದಿನ ಸಂಚಿಕೆಗೆ ಇಟ್ಟುಕೊಂಡು, ಈ ಅಂಕಣ ಪೂರ್ತಿ ಇದಕ್ಕೇ ಕೊಡುತ್ತಿದ್ದೇನೆ. ನಾನು ಹಾಸನದಲ್ಲಿ ಟೆಲಿಫೋನ್ ಬಿಲ್ ಕೌಂಟರಿನಲ್ಲಿ ವರ್ಷಗಟ್ಟಲೆ ಕೂತವಳು ಅಂತ ಹಳೆಯ ಓದುಗರಿಗೆ ಗೊತ್ತು. ಆಗ ನೋಡುತ್ತಿದ್ದೆ, ಜನ ಬಿಲ್ಲಿನ ಕೊನೆಯ ಮೊತ್ತ ನೋಡಿ ದುಡ್ಡು ಎಣಿಸಿ ಕೊಟ್ಟು ಹೋಗುತ್ತಿದ್ದರು. ಎರಡನೇ ಪುಟ ತಿರುಗಿಸುವವರು ತೀರಾ ಕಡಿಮೆ. ಕಾಗದದ ಬಿಲ್ ಹೋಗಿ ಪಿಡಿಎಫ್ ಬಂತು, ಈ ಅಭ್ಯಾಸ ಮಾತ್ರ ಹಾಗೇ ಉಳಿದಿದೆ. ನಿಮ್ಮ ದುಡ್ಡು ಹೋಗುವುದು ಆ ಎರಡನೇ ಪುಟದಲ್ಲಿ. ದಯವಿಟ್ಟು ಅದನ್ನು ಓದಿ.

ದಾವಣಗೆರೆಯಿಂದ ಶಿಕ್ಷಕಿಯೊಬ್ಬರು ಕೇಳಿದ್ದಾರೆ:

ಅಕ್ಕಾ, ನಮ್ಮನೆಯಲ್ಲಿ ಒಂದೇ ಕಂಪನಿಯ ಪೋಸ್ಟ್‌ಪೇಯ್ಡ್ ಫ್ಯಾಮಿಲಿ ಪ್ಲಾನ್ ಇತ್ತು. ನನ್ನ ನಂಬರ್ ಮುಖ್ಯ, ನಮ್ಮ ಯಜಮಾನರದೂ ಮಗಳದೂ ಅದಕ್ಕೆ ಸೇರಿಸಿದ್ದು. ಮನೆಯ ಫೈಬರ್ ಇಂಟರ್ನೆಟ್ಟೂ ಅದೇ ಕಂಪನಿಯದು, ಅದರ ಬಾಡಿಗೆ ಆರು ತಿಂಗಳಿಗೆ ಮುಂಗಡ ಕಟ್ಟಿದ್ದೇನೆ. ನನ್ನ ಶಾಲೆಯಲ್ಲಿ ಆ ಕಂಪನಿಯ ಸಿಗ್ನಲ್ಲೇ ಸಿಗುತ್ತಿರಲಿಲ್ಲ. ಹಾಗಾಗಿ ಬಾಕಿ ಬಿಲ್ ಕಟ್ಟಿ, ನನ್ನ ನಂಬರ್ ಮಾತ್ರ ಬೇರೆ ಕಂಪನಿಗೆ ಪೋರ್ಟ್ ಮಾಡಿಸಿದೆ, ಅಂದರೆ ನಂಬರ್ ಅದೇ, ಕಂಪನಿ ಬೇರೆ. ಈಗ ಹಳೆ ಕಂಪನಿಯಿಂದ 4,248 ರೂಪಾಯಿ ಬಿಲ್ ಬಂದಿದೆ. ಕೇಳಿದರೆ "ಅದು ಕ್ಯಾನ್ಸಲೇಷನ್ ಚಾರ್ಜ್ ಮೇಡಂ, ಸಿಸ್ಟಮ್‌ನಲ್ಲಿ ಹಾಗೇ ತೋರಿಸ್ತಾ ಇದೆ" ಅನ್ನುತ್ತಾರೆ. ಕಟ್ಟದಿದ್ದರೆ ಹೊಸ ಕಂಪನಿಯಲ್ಲೂ ನಂಬರ್ ಕಟ್ ಆಗುತ್ತೆ ಅಂತಾರೆ. ಬ್ಯಾಂಕು, ಆಧಾರ್, ಶಾಲೆಯ ಗ್ರೂಪು ಎಲ್ಲ ಅದೇ ನಂಬರಿನಲ್ಲಿದೆ. ಸುಮ್ನೆ ಕಟ್ಟಿಬಿಡಲೇ? ಬಿಲ್ಲಿನ ಫೋಟೋ ಕಳಿಸಿದ್ದೇನೆ.

ಉತ್ತರ:

ಮೇಡಂ, ಫೋಟೋ ಕಳಿಸಿ ಬಹಳ ಒಳ್ಳೆಯ ಕೆಲಸ ಮಾಡಿದಿರಿ. ಸುಮ್ನೆ ಕಟ್ಟಬೇಡಿ. ಹಾಗಂತ ಸುಮ್ನೆ ಬಿಡಲೂಬೇಡಿ. ಇದರಲ್ಲಿ ಒಂದು ಪಾಲು ನಿಮ್ಮ ನ್ಯಾಯವಾದ ಬಾಕಿ. ಉಳಿದದ್ದಕ್ಕೆ ಅವರು ಲೆಕ್ಕ ಒಪ್ಪಿಸಬೇಕು.

ಮೊದಲು ಒಂದು ವಿಷಯ ಗಟ್ಟಿ ಮಾಡಿಕೊಳ್ಳಿ. ನಂಬರ್ ಪೋರ್ಟ್ ಮಾಡಿಸಿದ್ದಕ್ಕೆ ದಂಡ ಅಂತ ನಮ್ಮ ದೇಶದಲ್ಲಿ ಇಲ್ಲ. 2011ರ ಜನವರಿ 20ರಂದು ದೇಶದಾದ್ಯಂತ ಈ ಸೌಲಭ್ಯ ಶುರುವಾದಾಗ ಪೋರ್ಟ್ ಶುಲ್ಕ 19 ರೂಪಾಯಿ ಇತ್ತು. 2019ರ ನವೆಂಬರ್‌ನಿಂದ ಅದು 6 ರೂಪಾಯಿ 46 ಪೈಸೆಗೆ ಬಂತು. ಅದೂ ನೀವು ಸೇರುವ ಹೊಸ ಕಂಪನಿಯ ಕಡೆಯ ಲೆಕ್ಕ. ಬಿಟ್ಟುಹೋಗುವ ಕಂಪನಿಗೆ "ಹೋಗಿದ್ದಕ್ಕೆ" ಅಂತ ಕೊಡುವ ದುಡ್ಡು ಯಾವುದೂ ಇಲ್ಲ.

ಇನ್ನೊಂದು ಮಾತು ಇದಕ್ಕಿಂತ ಮುಖ್ಯ. ನೀವು 1900ಕ್ಕೆ ಪೋರ್ಟ್ ಅಂತ ಮೆಸೇಜ್ ಕಳಿಸಿದಾಗ ಎಂಟು ಅಕ್ಷರ-ಅಂಕಿಗಳ ಒಂದು ಕೋಡ್ ಬಂತಲ್ವಾ? ಅದೇ ಯುಪಿಸಿ. 2019ರ ಡಿಸೆಂಬರ್ 16ರಿಂದ ಹೊಸ ನಿಯಮ ಬಂದಿದೆ. ಅದಕ್ಕೆ ಮುಂಚೆ ಕೋಡ್ ಎಲ್ಲರಿಗೂ ಬರುತ್ತಿತ್ತು, ಅರ್ಜಿ ಆಮೇಲೆ ತಿರಸ್ಕಾರವಾಗುತ್ತಿತ್ತು. ಈಗ ಕೋಡ್ ಕೊಡುವ ಮುಂಚೆಯೇ ಹಳೆ ಕಂಪನಿಯ ದಾಖಲೆ ನೋಡುತ್ತಾರೆ. ಬಂದ ಬಿಲ್ ಕಟ್ಟಿದ್ದಾರಾ, ಆ ಕಂಪನಿಯಲ್ಲಿ 90 ದಿನ ಆಗಿದೆಯಾ, ಹೆಸರು ಬದಲಾವಣೆ ನಡೆಯುತ್ತಿದೆಯಾ, ಕೋರ್ಟಿನಲ್ಲಿ ಏನಾದರೂ ತಕರಾರು ಇದೆಯಾ, ಕರಾರಿನಲ್ಲಿ ಒಪ್ಪಿದ ಪ್ರಕಾರ ಬಿಟ್ಟುಹೋಗುವ ಮುಂಚೆ ತೀರಿಸಬೇಕಾದ್ದು ಏನಾದರೂ ಉಳಿದಿದೆಯಾ. ಇಷ್ಟೂ ಸರಿ ಇದ್ದರೆ ಮಾತ್ರ ಕೋಡ್ ಬರುತ್ತೆ.

ನಿಮಗೆ ಕೋಡ್ ಬಂತು. ಅಂದರೆ ಆ ದಿನ ಹಳೆ ಕಂಪನಿ ನಿಮ್ಮ ಮೊಬೈಲ್ ನಂಬರಿನ ಮೇಲೆ ಕರಾರಿನ ಬಾಕಿ ಏನೂ ಇಲ್ಲ ಅಂತ ಒಪ್ಪಿದ ಹಾಗೆ. ಈಗ ಅದೇ ನಂಬರಿಗೆ ಎಕ್ಸಿಟ್ ಚಾರ್ಜ್ ಹಾಕಿದರೆ ನೀವು ಕೇಳಬೇಕಾದ ಪ್ರಶ್ನೆ ಒಂದೇ: "ಬಾಕಿ ಇದ್ದಿದ್ದರೆ ಯುಪಿಸಿ ಹೇಗೆ ಕೊಟ್ಟಿರಿ?" ಈ ಪ್ರಶ್ನೆಯನ್ನು ಬರಹದಲ್ಲಿ ಕೇಳಿ. ಕಸ್ಟಮರ್ ಕೇರ್ ಹುಡುಗರ ಹತ್ತಿರ ಇದಕ್ಕೆ ಉತ್ತರ ಇರುವುದಿಲ್ಲ. ಮೇಲಿನವರು ಉತ್ತರ ಕೊಡಲೇಬೇಕಾಗುತ್ತೆ.

ಹಾಗಾದರೆ ಬಾಕಿ ಕಟ್ಟಿದ ಮೇಲೂ ಬಿಲ್ ಯಾಕೆ ಬರುತ್ತೆ? ಕೋಡ್ ಕೊಡುವಾಗ ನೋಡುವುದು ಅಲ್ಲಿಯವರೆಗೆ ಹೊರಬಂದ ಬಿಲ್ಲುಗಳನ್ನು ಮಾತ್ರ. ತಿಂಗಳ ನಡುವೆ ಹೊರಟರೆ ಆ ತಿಂಗಳ ಬಳಕೆಗೆ ಬಿಲ್ ಇನ್ನೂ ತಯಾರಾಗಿರುವುದಿಲ್ಲ. ಅದು ಆಮೇಲೆ ಬರುತ್ತೆ. ಇದು ಎಲ್ಲರಿಗೂ ಬರುವ ಕೊನೆಯ ಬಿಲ್, ಇದರಲ್ಲಿ ಮೋಸ ಇಲ್ಲ. ತೊಂದರೆ ಏನೆಂದರೆ, ಈ ಕೊನೆಯ ಬಿಲ್ಲಿನಲ್ಲೇ ಬೇರೆ ಬೇರೆ ಶುಲ್ಕಗಳನ್ನೂ ತುರುಕಿಬಿಡುತ್ತಾರೆ.

ಈಗ ನಿಮ್ಮ ಬಿಲ್ಲಿನ ಎರಡನೇ ಪುಟಕ್ಕೆ ಬರೋಣ. ನಾಲ್ಕು ಸಾಲು ಇವೆ: ಪ್ಲಾನ್ ಬಾಡಿಗೆ 600, ಜೊತೆ ನಂಬರುಗಳ ಬಾಡಿಗೆ 800, ಇನ್‌ಸ್ಟಲೇಷನ್ ಶುಲ್ಕ 1,000, ಅರ್ಲಿ ಎಕ್ಸಿಟ್ 1,200. ಒಟ್ಟು 3,600. ಅದರ ಮೇಲೆ ಶೇಕಡ 18 ಜಿಎಸ್‌ಟಿ 648. ಕೂಡಿದರೆ 4,248.

600 ರೂಪಾಯಿ ಸರಿ ಇದೆ. ನಿಮ್ಮ ಬಿಲ್ಲಿಂಗ್ ತಿಂಗಳು ಜೂನ್ 5ರಿಂದ ಜುಲೈ 4. ನೀವು ಹೋಗಿದ್ದು 20ಕ್ಕೆ. ಹದಿನೈದು ದಿನ ಬಳಸಿದ್ದೀರಿ, 1,200ರ ಪ್ಲಾನಿಗೆ ಅರ್ಧ ಹಾಕಿದ್ದಾರೆ.

800 ರೂಪಾಯಿ ನೋಡಿ. ಮುಖ್ಯ ನಂಬರ್ ಹೋದ ಕೂಡಲೇ ಫ್ಯಾಮಿಲಿ ಪ್ಲಾನ್ ಒಡೆದುಹೋಗಿದೆ. ನಿಮ್ಮ ಯಜಮಾನರ ನಂಬರನ್ನೂ ಮಗಳ ನಂಬರನ್ನೂ ತಲಾ 400ರ ಬೇರೆ ಪ್ಲಾನಿಗೆ ಹಾಕಿದ್ದಾರೆ. ಹಾಕುವುದು ಅನಿವಾರ್ಯವೇ ಇರಬಹುದು, ಯಾವುದೋ ಒಂದು ಪ್ಲಾನಿನಲ್ಲಿ ಅವು ಇರಬೇಕಲ್ವಾ? ಆದರೆ ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ ತಾರೀಕು ಬರೆದಿದೆ: ಜೂನ್ 20ರಿಂದ ಜುಲೈ 4. ಅದೂ ಹದಿನೈದೇ ದಿನ. ಅರ್ಧ ತಿಂಗಳಿಗೆ ಪೂರ್ತಿ ಬಾಡಿಗೆ ತೆಗೆದುಕೊಂಡಿದ್ದಾರೆ. ನಿಮಗೆ ಬಾಡಿಗೆಯನ್ನು ದಿನದ ಲೆಕ್ಕಕ್ಕೆ ಹಾಕಿದವರು ಅವರಿಗೂ ಹಾಗೇ ಹಾಕಬೇಕು. 400 ಸರಿ, ಇನ್ನೊಂದು 400 ಪ್ರಶ್ನಿಸಿ. ಜೊತೆಗೆ, ಈ ಹೊಸ ಪ್ಲಾನ್ ಯಾರು ಆರಿಸಿದ್ದು, ಯಾವ ಮೆಸೇಜಿನಲ್ಲಿ ತಿಳಿಸಿದ್ದರು ಅಂತಲೂ ಕೇಳಿ. ಅದಕ್ಕಿಂತ ಕಡಿಮೆ ಪ್ಲಾನ್ ಇದ್ದರೆ ಇವತ್ತೇ ಬದಲಿಸಿಕೊಳ್ಳಿ.

1,000 ರೂಪಾಯಿ ಇನ್‌ಸ್ಟಲೇಷನ್ ಶುಲ್ಕ ನನಗೆ ಸಿಟ್ಟು ಬರಿಸಿತು. ಫೈಬರ್ ಹಾಕುವಾಗ "ಇನ್‌ಸ್ಟಲೇಷನ್ ಫ್ರೀ" ಅನ್ನುತ್ತಾರೆ. ಒಳಗಿನ ಷರತ್ತು ಏನೆಂದರೆ, ಇಷ್ಟು ತಿಂಗಳು ಇಟ್ಟುಕೊಂಡರೆ ಫ್ರೀ, ಮುಂಚೆ ಬಿಟ್ಟರೆ ಕಟ್ಟಬೇಕು. ನೀವು ಸಹಿ ಹಾಕಿದ್ದರೆ ಆ ಷರತ್ತು ನಡೆಯುತ್ತೆ. ಮೊಬೈಲ್ ಪೋರ್ಟ್ ನಿಯಮ ಅದಕ್ಕೆ ಅಡ್ಡ ಬರುವುದಿಲ್ಲ, ಫೈಬರ್ ಬೇರೆ ಸೇವೆ. ಆದರೆ ಮೇಡಂ, ನೀವು ಫೈಬರ್ ಬಿಟ್ಟೇ ಇಲ್ಲ! ಬಾಡಿಗೆ ಮುಂಗಡ ಕಟ್ಟಿ ಇವತ್ತಿಗೂ ಬಳಸುತ್ತಿದ್ದೀರಿ. ಮುಚ್ಚದ ಕನೆಕ್ಷನ್ನಿಗೆ ಮುಚ್ಚಿದ ಶುಲ್ಕ ಹೇಗೆ? ಮೊಬೈಲೂ ಫೈಬರೂ ಒಂದೇ ಖಾತೆಯಲ್ಲಿದ್ದುದರಿಂದ, ಮುಖ್ಯ ನಂಬರ್ ಹೋದಾಗ ಖಾತೆಯೇ ಮುಚ್ಚಿತು ಅಂತ ಅವರ ಕಂಪ್ಯೂಟರ್ ತಿಳಿದುಕೊಂಡಿರಬೇಕು. ತಪ್ಪು ಅವರದು. ನೀವು ಯಾಕೆ ದುಡ್ಡು ಕೊಡಬೇಕು?

1,200 ರೂಪಾಯಿ ಅರ್ಲಿ ಎಕ್ಸಿಟ್‌ಗೆ ಮೇಲೆ ಹೇಳಿದ ಯುಪಿಸಿ ಪ್ರಶ್ನೆಯೇ ಉತ್ತರ. ಯಾವ ಕರಾರು, ಯಾವ ಕಲಂ, ನಿಮ್ಮ ಸಹಿ ಎಲ್ಲಿ ಅಂತ ಪ್ರತಿ ಕೇಳಿ.

ಹೀಗೆ ನೀವು ಒಪ್ಪಬೇಕಾದ್ದು 600 ಮತ್ತು 400, ಜಿಎಸ್‌ಟಿ ಸೇರಿ 1,180 ರೂಪಾಯಿ. ಅದನ್ನು ಇವತ್ತೇ ಆನ್‌ಲೈನ್‌ನಲ್ಲಿ ಕಟ್ಟಿ ರಸೀದಿ ಇಟ್ಟುಕೊಳ್ಳಿ. ಉಳಿದ 3,068 ರೂಪಾಯಿ ತಕರಾರಿನಲ್ಲಿದೆ ಅಂತ ಬರೆದು ಕೊಡಿ.

ಒಪ್ಪಿದ್ದನ್ನು ಕಟ್ಟಿಬಿಡಿ ಅಂತ ನಾನು ಒತ್ತಾಯ ಮಾಡುವುದಕ್ಕೆ ಕಾರಣ ಇದೆ. ನಂಬರ್ ಕಟ್ ಆಗುತ್ತೆ ಅಂತ ಅವರು ಹೇಳಿದ್ದು ಪೂರ್ತಿ ಸುಳ್ಳಲ್ಲ. ಪೋರ್ಟ್ ಆದ ಮೇಲೂ ಹಳೆಯ ಬಾಕಿ ಕಟ್ಟದವರ ನಂಬರ್ ನಿಲ್ಲಿಸಿ ಅಂತ ಹಳೆ ಕಂಪನಿ ಹೊಸ ಕಂಪನಿಗೆ ಕೇಳಬಹುದು. ನಿಯಮದಲ್ಲಿ ಅದಕ್ಕೆ ಜಾಗ ಇದೆ. "ಹೇಗೂ ಬಿಟ್ಟು ಬಂದೆವಲ್ಲ" ಅಂತ ಬಿಲ್ಲನ್ನು ಕಸದ ಬುಟ್ಟಿಗೆ ಹಾಕಿದವರಿಗೆ ಈ ಪೆಟ್ಟು ಬೀಳುತ್ತೆ. ನೀವು ನ್ಯಾಯವಾದ್ದನ್ನು ಕಟ್ಟಿ, ಉಳಿದದ್ದಕ್ಕೆ ದೂರು ಕೊಟ್ಟಿದ್ದರೆ ನಿಮ್ಮ ಪಕ್ಷ ಗಟ್ಟಿ. ಹೊಸ ಕಂಪನಿಗೂ ಆ ದೂರಿನ ಪ್ರತಿ ಒಂದು ಕಳಿಸಿಡಿ.

ಇಮೇಲ್ ಹೀಗೆ ಬರೆಯಿರಿ, ಉದ್ದ ಬೇಡ:

"ನನ್ನ ನಂಬರನ್ನು ಜೂನ್ 20ರಂದು ಪೋರ್ಟ್ ಮಾಡಿಸಿದ್ದೇನೆ. ಅದಕ್ಕೆ ಮುಂಚಿನ ಎಲ್ಲ ಬಿಲ್ ಕಟ್ಟಿದ್ದೇನೆ, ನಿಮ್ಮ ಕಡೆಯ ಪರಿಶೀಲನೆ ಮುಗಿದೇ ಯುಪಿಸಿ ಬಂದಿದೆ. ಕೊನೆಯ ಬಿಲ್ಲಿನಲ್ಲಿ 1,180 ರೂಪಾಯಿ ಒಪ್ಪಿ ಇವತ್ತು ಕಟ್ಟಿದ್ದೇನೆ, ರಸೀದಿ ಲಗತ್ತಿಸಿದೆ. ಉಳಿದ 3,068 ರೂಪಾಯಿಗೆ ನನ್ನ ಆಕ್ಷೇಪ ಇದೆ. ಫೈಬರ್ ಕನೆಕ್ಷನ್ ನಾನು ಮುಚ್ಚಿಲ್ಲ. ಅರ್ಲಿ ಎಕ್ಸಿಟ್ ಶುಲ್ಕಕ್ಕೆ ನಾನು ಸಹಿ ಮಾಡಿದ ಕರಾರಿನ ಪ್ರತಿ ಕೊಡಿ. ತೀರ್ಮಾನ ಆಗುವವರೆಗೆ ವಸೂಲಿ ಕರೆ ಮಾಡಬೇಡಿ, ನಂಬರ್ ನಿಲ್ಲಿಸಲು ಕೋರಬೇಡಿ. ಡಾಕೆಟ್ ನಂಬರ್ ಕೊಡಿ."

ಆ ಕೊನೆಯ ಸಾಲು ಮರೆಯಬೇಡಿ. ಡಾಕೆಟ್ ನಂಬರ್ ಅಂದರೆ ನಿಮ್ಮ ದೂರು ದಾಖಲಾದ ಸಂಖ್ಯೆ. ಅದಿಲ್ಲದ ದೂರು ದೂರೇ ಅಲ್ಲ. ಫೋನಿನಲ್ಲಿ ಮಾತಾಡಿದರೂ ಅದನ್ನು ಕೇಳಿ ಬರೆದುಕೊಳ್ಳಿ.

ಉತ್ತರ ಬರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆ ಆಗದಿದ್ದರೆ, ಅದೇ ಕಂಪನಿಯ ಅಪೆಲೇಟ್ ಅಥಾರಿಟಿಗೆ ಹೋಗಿ. ಫೋನ್ ಕಂಪನಿಗಳಿಗೆ ನಿಯಮ ಮಾಡುವ ಸರ್ಕಾರಿ ಪ್ರಾಧಿಕಾರ ಟ್ರಾಯ್ 2012ರಲ್ಲಿ ಮಾಡಿದ ನಿಯಮದ ಪ್ರಕಾರ ಪ್ರತಿ ಕಂಪನಿಯೂ ಈ ಮೇಲ್ಮನವಿ ವ್ಯವಸ್ಥೆ ಇಟ್ಟಿರಲೇಬೇಕು. ಶುಲ್ಕ ಇಲ್ಲ. 30 ದಿನದೊಳಗೆ ಅರ್ಜಿ ಹಾಕಬೇಕು, ಅವರು 39 ದಿನದೊಳಗೆ ತೀರ್ಮಾನ ಕೊಡಬೇಕು. ಕಂಪನಿಯ ವೆಬ್‌ಸೈಟಿನ ಕೆಳತುದಿಯಲ್ಲಿ ಇದರ ವಿಳಾಸ ಇರುತ್ತೆ. ನೇರವಾಗಿ ಟ್ರಾಯ್‌ಗೆ ಬರೆಯುವವರು ಬಹಳ ಜನ ಇದ್ದಾರೆ. ಅದರಿಂದ ಪ್ರಯೋಜನ ಇಲ್ಲ, ಒಬ್ಬೊಬ್ಬ ಗ್ರಾಹಕರ ದೂರನ್ನು ಟ್ರಾಯ್ ವಿಚಾರಣೆ ಮಾಡುವುದಿಲ್ಲ.

ಅಲ್ಲೂ ಆಗಲಿಲ್ಲ ಅನ್ನಿ. 1915 ಗ್ರಾಹಕ ಸಹಾಯವಾಣಿಗೆ ಕರೆ ಮಾಡಿ. ಎಷ್ಟೋ ಸಲ ಅಲ್ಲಿಂದ ಒಂದು ಮಾತು ಹೋದರೆ ಕಂಪನಿಯವರು ತಾವೇ ಫೋನ್ ಮಾಡುತ್ತಾರೆ. ಅದಕ್ಕೂ ಮೇಲೆ ಜಿಲ್ಲಾ ಗ್ರಾಹಕರ ಆಯೋಗ ಇದೆ. ಟೆಲಿಕಾಂ ದೂರು ಗ್ರಾಹಕರ ಆಯೋಗದಲ್ಲಿ ನಡೆಯುವುದಿಲ್ಲ ಅಂತ ವಕೀಲರು ಕೂಡ ಬಹಳ ಕಾಲ ಹೇಳುತ್ತಿದ್ದರು. 2009ರ ಒಂದು ತೀರ್ಪನ್ನು ಎಲ್ಲರೂ ಹಾಗೆ ಓದುತ್ತಿದ್ದರು. 2022ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿತು, ಮೊಬೈಲ್ ಗ್ರಾಹಕರೂ ಅಲ್ಲಿಗೆ ಹೋಗಬಹುದು ಅಂತ. ನೀವು ವಾಸ ಇರುವ ದಾವಣಗೆರೆಯಲ್ಲೇ ದೂರು ಕೊಡಬಹುದು. 5 ಲಕ್ಷದವರೆಗಿನ ವ್ಯವಹಾರಕ್ಕೆ ಶುಲ್ಕ ಇಲ್ಲ. ವಕೀಲರು ಬೇಕೇ ಬೇಕು ಅಂತಲೂ ಇಲ್ಲ.

ಮೂರು ಸಾವಿರಕ್ಕೆ ಇಷ್ಟೆಲ್ಲ ಯಾಕೆ ಅಂತ ಅನ್ನಿಸಬಹುದು. ನಿಮ್ಮ ಹಾಗೆ ಅಂದುಕೊಂಡು ಕಟ್ಟಿದವರ ದುಡ್ಡಿನ ಮೇಲೆಯೇ ಈ ಸಾಲುಗಳು ಬಿಲ್ಲಿನಲ್ಲಿ ಉಳಿದುಕೊಂಡಿವೆ. ನಿಮ್ಮ ಮೊದಲ ಇಮೇಲಿಗೇ ಕೆಲಸ ಆಗುವ ಸಾಧ್ಯತೆ ಜಾಸ್ತಿ. ದಯವಿಟ್ಟು ಕಳಿಸಿ, ಏನಾಯಿತು ಅಂತ ನನಗೂ ಬರೆಯಿರಿ.

ಶಿರಸಿಯಿಂದ ಒಬ್ಬ ತಂದೆ:

ಮಗ ಬೆಂಗಳೂರಿನ ಕಂಪನಿಯೊಂದರಲ್ಲಿ ಕೆಲಸದಲ್ಲಿದ್ದ. ಆಫೀಸಿನವರೇ ಕೊಟ್ಟ ಕಾರ್ಪೊರೇಟ್ ನಂಬರ್ ಬಳಸುತ್ತಿದ್ದ. ಕೆಲಸ ಬಿಟ್ಟ ಮೇಲೆ ನಂಬರ್ ತನ್ನ ಹೆಸರಿಗೆ ಮಾಡಿಸಿಕೊಂಡ. ಈಗ ಪೋರ್ಟ್ ಮಾಡಿಸೋಣ ಅಂದರೆ ಯುಪಿಸಿ ಬರುತ್ತಿಲ್ಲ. ಹಳೆಯ ಬಾಕಿ ಇದೆ, ಕಟ್ಟಿ ಅನ್ನುತ್ತಾರೆ. ಅದು ಆಫೀಸಿನ ಕಾಲದ ಬಾಕಿ. ಇವನು ಯಾಕೆ ಕಟ್ಟಬೇಕು?

ಉತ್ತರ:

ರಾಯರೇ, ತಾರೀಕಿನಲ್ಲೇ ಎಲ್ಲ ಇದೆ. ನಂಬರ್ ಮಗನ ಹೆಸರಿಗೆ ಬಂದ ದಿನ ಯಾವುದು ಅಂತ ಮೊದಲು ಬರಹದಲ್ಲಿ ತರಿಸಿಕೊಳ್ಳಿ. ಆ ದಿನಕ್ಕಿಂತ ಮುಂಚಿನ ಬಿಲ್ ಆಫೀಸಿನ ಹೆಸರಿನಲ್ಲಿ ಹೋಗಿರುತ್ತೆ. ಅದು ಆಫೀಸಿನ ಬಾಕಿ. ನಂತರದ್ದು ಮಾತ್ರ ಮಗನದು.

ಆದರೆ ಒಂದು ವಿಷಯ ಮಗನನ್ನು ಕೇಳಿ ನೋಡಿ. ತಿಂಗಳಿಗೆ ಇಷ್ಟು ಮಿತಿ, ಮೀರಿದರೆ ನೌಕರ ಕೊಡಬೇಕು ಅಂತ ಎಷ್ಟೋ ಆಫೀಸುಗಳಲ್ಲಿ ಪದ್ಧತಿ ಇದೆ. ಕೆಲಸ ಬಿಟ್ಟಾಗ ಆಫೀಸು ಕೊಡುವ ಕೊನೆಯ ಲೆಕ್ಕದ, ಅಂದರೆ ಫುಲ್ ಅಂಡ್ ಫೈನಲ್ ಸೆಟ್ಲ್‌ಮೆಂಟಿನ ಕಾಗದದಲ್ಲಿ ಮೊಬೈಲ್ ಅಂತ ಒಂದು ಕಡಿತ ಇದೆಯಾ? ಇದ್ದರೆ ಅವನು ಈಗಾಗಲೇ ಕೊಟ್ಟಾಗಿದೆ, ಆಫೀಸು ಅದನ್ನು ಫೋನ್ ಕಂಪನಿಗೆ ದಾಟಿಸಿಲ್ಲ ಅಷ್ಟೇ. ಆ ಕಾಗದದ ಪ್ರತಿ ಇಟ್ಟು ಎಚ್‌ಆರ್‌ಗೆ ಬರೆಯಲಿ.

ಹೆಸರು ಬದಲಾವಣೆ ಇನ್ನೂ ಅರ್ಧದಲ್ಲಿ ನಿಂತಿದ್ದರೂ ಯುಪಿಸಿ ಬರುವುದಿಲ್ಲ. ಅದನ್ನೂ ವಿಚಾರಿಸಿ. ಈಗ ಕೆಲಸದಲ್ಲಿದ್ದು ಕಾರ್ಪೊರೇಟ್ ನಂಬರನ್ನೇ ಬ್ಯಾಂಕಿಗೆ, ಆಧಾರ್‌ಗೆ ಕೊಟ್ಟಿರುವ ಮಕ್ಕಳಿಗೆ ನನ್ನ ಮಾತು: ನೋಟಿಸ್ ಅವಧಿಯಲ್ಲೇ ನಂಬರನ್ನು ನಿಮ್ಮ ಹೆಸರಿಗೆ ಬಿಟ್ಟುಕೊಡುವ ಪತ್ರವನ್ನು ಆಫೀಸಿನ ಸಹಿ ಮಾಡುವ ಅಧಿಕಾರಿಯಿಂದ ತೆಗೆದುಕೊಳ್ಳಿ. ಬಿಟ್ಟು ಹೋದ ಮೇಲೆ ನಿಮ್ಮ ಫೋನ್ ಎತ್ತುವವರು ಅಲ್ಲಿ ಯಾರೂ ಇರುವುದಿಲ್ಲ.

ಮೈಸೂರಿನಿಂದ ನಿವೃತ್ತ ಬ್ಯಾಂಕ್ ನೌಕರರು:

ಮನೆಯ ಬ್ರಾಡ್‌ಬ್ಯಾಂಡ್ ಬದಲಿಸಿದೆವು. ಹಳೆ ಕಂಪನಿಯವರು ರೂಟರ್ ವಾಪಸ್ ತೆಗೆದುಕೊಳ್ಳಲು ಬರಲೇ ಇಲ್ಲ. ಈಗ ರೂಟರ್ ಕೊಟ್ಟಿಲ್ಲ ಅಂತ ಬಿಲ್ ಹಾಕಿದ್ದಾರೆ. ಡಬ್ಬಿ ಇನ್ನೂ ಟಿವಿ ಮೇಜಿನ ಮೇಲೇ ಇದೆ!

ಉತ್ತರ:

ಸರ್, ಆ ಡಬ್ಬಿಯನ್ನು ತಿರುಗಿಸಿ ನೋಡಿ. ಅಡಿಯಲ್ಲಿ ಒಂದು ಬಿಳಿ ಚೀಟಿ ಅಂಟಿಸಿರುತ್ತಾರೆ. ಅದರಲ್ಲಿ ಸೀರಿಯಲ್ ನಂಬರ್ ಇರುತ್ತೆ, ಬಾರ್‌ಕೋಡ್ ಪಕ್ಕದಲ್ಲಿ. ಆ ಚೀಟಿ ಕಾಣುವ ಹಾಗೆ ಒಂದು ಫೋಟೋ, ಅಡಾಪ್ಟರ್ ಸಮೇತ ಇಡೀ ರೂಟರಿನ ಒಂದು ಫೋಟೋ ತೆಗೆಯಿರಿ. "ಇದು ನಮ್ಮ ಮನೆಯಲ್ಲಿ ಸುರಕ್ಷಿತವಾಗಿದೆ, ಇಂಥ ದಿನ ಮುಚ್ಚಲು ಕೋರಿದ್ದೆವು, ಬಂದು ತೆಗೆದುಕೊಂಡು ಹೋಗಿ" ಅಂತ ಇಮೇಲ್ ಮಾಡಿ. ಬಿಲ್ಲಿಗೆ ಇದೇ ಉತ್ತರ.

ಹುಡುಗ ಬಂದಾಗ ಸುಮ್ನೆ ಕೊಟ್ಟು ಕಳಿಸಬೇಡಿ. ಸೀರಿಯಲ್ ನಂಬರ್ ಬರೆದ ಸ್ವೀಕೃತಿ ಚೀಟಿ ಬೇಕು. ಚೀಟಿ ಇಲ್ಲ ಅಂದರೆ, ಕಂಪನಿಯ ಕಡೆಯಿಂದ ವಾಪಸ್ ಪಡೆದ ಮೆಸೇಜ್ ನಿಮ್ಮ ಫೋನಿಗೆ ಬಂದ ಮೇಲೆ ಕೊಡಿ. ನಮ್ಮ ಬೀದಿಯಲ್ಲೇ ಒಬ್ಬ ಅಜ್ಜಿ ರೂಟರ್ ಕೊಟ್ಟೂ ದುಡ್ಡು ಕಟ್ಟಿದ್ದಾರೆ. ತೆಗೆದುಕೊಂಡು ಹೋದವನು ಯಾರು ಅಂತ ಯಾರಿಗೂ ಗೊತ್ತಿಲ್ಲ.

ಕನೆಕ್ಷನ್ ತೆಗೆದುಕೊಳ್ಳುವಾಗ ಡಿಪಾಸಿಟ್ ಕಟ್ಟಿದ್ದಿರಾ? ಕಟ್ಟಿದ್ದರೆ ಮೊದಲ ಬಿಲ್ಲಿನಲ್ಲೋ ರಸೀದಿಯಲ್ಲೋ ಇರುತ್ತೆ. ನಿಮ್ಮ ಬಾಕಿ ಕಳೆದು ಉಳಿದದ್ದು ವಾಪಸ್ ಬರಬೇಕು. ಇದನ್ನು ಅವರಾಗಿ ನೆನಪಿಸುವುದು ಅಪರೂಪ. ನೀವೇ ಕೇಳಿ.

ಇಂಗ್ಲೆಂಡಿನ ಲೆಸ್ಟರ್‌ನಲ್ಲಿ ನರ್ಸ್ ಆಗಿರುವ ಓದುಗರು:

ಅಕ್ಕಾ, ಊರು ಮಂಗಳೂರು. ಇಲ್ಲಿ 24 ತಿಂಗಳ ಕಾಂಟ್ರಾಕ್ಟಿನಲ್ಲಿ ಫೋನ್ ತೆಗೆದುಕೊಂಡಿದ್ದೇನೆ. ಬೇರೆ ಕಂಪನಿಗೆ ಹೋಗಬೇಕು. ಎಷ್ಟು ದಂಡ ಬೀಳುತ್ತೆ ಅಂತ ಮೊದಲೇ ತಿಳಿಯುವ ದಾರಿ ಇದೆಯಾ?

ಉತ್ತರ:

ಇದೆ ಮಗಳೇ, ಮತ್ತು ನಮ್ಮ ದೇಶಕ್ಕೂ ಇದು ಬರಬೇಕು ಅಂತ ನನಗೆ ಬಹಳ ಆಸೆ. ನೀನಿರುವ ಕಡೆ 2019ರ ಜುಲೈ 1ರಿಂದ ಮೆಸೇಜಿನಲ್ಲೇ ಕಂಪನಿ ಬದಲಿಸುವ ವ್ಯವಸ್ಥೆ ಇದೆ. ಇನ್‌ಫೋ ಅಂತ 85075ಕ್ಕೆ ಮೆಸೇಜ್ ಮಾಡು. ಬಿಟ್ಟುಹೋದರೆ ಎಷ್ಟು ಕಟ್ಟಬೇಕು ಅಂತ ಉತ್ತರ ಬರುತ್ತೆ. ಕೇಳಿದ ಮಾತ್ರಕ್ಕೆ ಬಿಟ್ಟ ಹಾಗಾಗುವುದಿಲ್ಲ, ಧೈರ್ಯವಾಗಿ ಕೇಳು. ಹೋಗುವುದೇ ಖಚಿತ ಅಂದರೆ ಪ್ಯಾಕ್ (PAC) ಅಂತ 65075ಕ್ಕೆ ಕಳಿಸಿದರೆ ಕೋಡ್ ಬರುತ್ತೆ. ಅದು 30 ದಿನ ನಡೆಯುತ್ತೆ. ಅದರ ಜೊತೆಗೂ ದಂಡದ ಮೊತ್ತ ತಿಳಿಸಲೇಬೇಕು.

ಇಲ್ಲಿಗೂ ಅಲ್ಲಿಗೂ ಒಂದು ದೊಡ್ಡ ವ್ಯತ್ಯಾಸ ಗಮನದಲ್ಲಿಡು. ಅಲ್ಲಿ ಕಾಂಟ್ರಾಕ್ಟಿನ ಕನಿಷ್ಠ ಅವಧಿ ಮುಗಿಯುವ ಮುಂಚೆ ಬಿಟ್ಟರೆ ದಂಡ ನಿಜವಾಗಿಯೂ ಇದೆ, ಕಾನೂನುಬದ್ಧವೇ. ಉಳಿದ ತಿಂಗಳು ಹೆಚ್ಚಿದ್ದಷ್ಟೂ ದಂಡ ಜಾಸ್ತಿ. ಹಾಗಾಗಿ ಕಾಂಟ್ರಾಕ್ಟ್ ಮುಗಿಯುವ ತಾರೀಕು ನೋಡಿಕೊಂಡು ಹೊರಡು. ಅವಧಿ ಮುಗಿದವರಿಗೆ ದಂಡ ಇಲ್ಲ. ಹಿಂದೆ ಹೊಸ ಕಂಪನಿಗೆ ಹೋದ ಮೇಲೂ ನೋಟಿಸ್ ತಿಂಗಳು ಅಂತ ಹಳೆಯವರು ಬಿಲ್ ಹಾಕುತ್ತಿದ್ದರು. 2019ರ ನಿಯಮ ಅದನ್ನು ನಿಲ್ಲಿಸಿದೆ. ಹಾಗೆ ಯಾರಾದರೂ ಕೇಳಿದರೆ ಕಟ್ಟಬೇಡ.

ಹುಬ್ಬಳ್ಳಿಯಿಂದ ಕಿರಾಣಿ ಅಂಗಡಿಯವರು:

ಅಕ್ಕಾರೆ, ವರ್ಷದ ಪ್ರಿಪೇಯ್ಡ್ ರೀಚಾರ್ಜ್ ಮಾಡಿಸಿದ್ದೆ. ಎರಡು ತಿಂಗಳಿಗೆ ನೆಟ್‌ವರ್ಕ್ ಕೈ ಕೊಟ್ಟಿತು. ಪೋರ್ಟ್ ಮಾಡಿಸಿದರೆ ಉಳಿದ ಹತ್ತು ತಿಂಗಳ ದುಡ್ಡು ವಾಪಸ್ ಸಿಗುತ್ತದೇನು? ಮತ್ತೆ, ನಮ್ಮ ತಾಯಿಯ ನಂಬರಿನ ರೀಚಾರ್ಜ್ ಮುಗಿದಿದೆ. ಪೋರ್ಟ್ ಮೆಸೇಜ್ ಕಳಿಸಬೇಕಾದರೂ ಮೊದಲು ರೀಚಾರ್ಜ್ ಮಾಡಿಸಿ ಅನ್ನುತ್ತಾನೆ ಮೊಬೈಲ್ ಅಂಗಡಿಯವನು. ಹೌದೇನು?

ಉತ್ತರ:

ಅಣ್ಣಾರೆ, ಮೊದಲ ಪ್ರಶ್ನೆಗೆ ನಿಮಗೆ ಹಿಡಿಸದ ಉತ್ತರವನ್ನೇ ಹೇಳಬೇಕು. ಪೋರ್ಟ್ ಆದ ಕೂಡಲೇ ಹಳೆ ಕಂಪನಿಯ ಬ್ಯಾಲೆನ್ಸ್, ಉಳಿದ ದಿನ, ಡೇಟಾ ಎಲ್ಲ ಹೋಗುತ್ತೆ. ಹೊಸ ಕಂಪನಿಗೆ ದಾಟುವುದಿಲ್ಲ, ದುಡ್ಡಾಗಿಯೂ ಬರುವುದಿಲ್ಲ. ಬಿಲ್ ಬರದಿದ್ದರೂ ಪ್ರಿಪೇಯ್ಡ್‌ನವರಿಗೆ ಇದೇ ಕ್ಯಾನ್ಸಲೇಷನ್ ಚಾರ್ಜ್. ವರ್ಷದ ರೀಚಾರ್ಜ್ ತಿಂಗಳ ಲೆಕ್ಕದಲ್ಲಿ ಅಗ್ಗ ಕಾಣುತ್ತೆ, ಆದರೆ ನೆಟ್‌ವರ್ಕ್ ಖಾತ್ರಿ ಇಲ್ಲದ ಜಾಗದಲ್ಲಿ ಅದು ನಿಮ್ಮ ಕೈ ಕಟ್ಟಿಹಾಕುತ್ತೆ. ಹೊಸ ಸಿಮ್ ತೆಗೆದುಕೊಂಡವರು ಮೊದಲು 28 ದಿನದ್ದನ್ನೇ ಹಾಕಿಸಿ, ಅಂಗಡಿಯಲ್ಲಿ, ಮನೆಯಲ್ಲಿ, ಗೋಡೌನಿನಲ್ಲಿ ಸಿಗ್ನಲ್ ನೋಡಿ. ಆಮೇಲೆ ವರ್ಷದ್ದರ ಯೋಚನೆ ಮಾಡಿ.

ನೀವು ಈಗ ಮಾಡಬಹುದಾದ್ದು ಒಂದಿದೆ. ಪೋರ್ಟ್ ಮಾಡಿಸುವ ಮುಂಚೆ ನೆಟ್‌ವರ್ಕ್ ಬಗ್ಗೆ ದೂರು ಕೊಡಿ, ಡಾಕೆಟ್ ನಂಬರ್ ತೆಗೆದುಕೊಳ್ಳಿ. ಎರಡು ಸಿಮ್ ಹಾಕುವ ಫೋನ್ ಇದ್ದರೆ, ಈ ನಂಬರ್ ಇಲ್ಲೇ ಬಿಟ್ಟು ಬೇರೆ ಕಂಪನಿಯ ಸಣ್ಣ ರೀಚಾರ್ಜಿನ ಸಿಮ್ ಒಂದನ್ನು ಜೊತೆಗೆ ಹಾಕಿ ಹತ್ತು ತಿಂಗಳು ದಾಟಿಸಬಹುದು. ಎರಡರ ಖರ್ಚು ಕೂಡಿ ನೋಡಿ. ಎಷ್ಟೋ ಸಲ ಅದೇ ಕಡಿಮೆ ಆಗುತ್ತೆ.

ತಾಯಿಯವರ ವಿಷಯದಲ್ಲಿ ಅಂಗಡಿಯವನು ಹೇಳಿದ್ದು ತಪ್ಪು. ಸಿಮ್ ಚಾಲ್ತಿಯಲ್ಲಿದ್ದರೆ ಸಾಕು. ಕೆಲವು ಅಗ್ಗದ ಪ್ಲಾನುಗಳಲ್ಲಿ ಎಸ್‌ಎಂಎಸ್ ಸೌಲಭ್ಯವೇ ಇರುತ್ತಿರಲಿಲ್ಲ, ಪೋರ್ಟ್ ಮೆಸೇಜ್ ಕಳಿಸುವುದಕ್ಕೆ ಜನ ದುಬಾರಿ ರೀಚಾರ್ಜ್ ಮಾಡಿಸಬೇಕಾಗಿತ್ತು. ಈ ದೂರು ಹೆಚ್ಚಾದ ಮೇಲೆ 2021ರ ಡಿಸೆಂಬರ್‌ನಲ್ಲಿ ಟ್ರಾಯ್ ಆದೇಶ ಹೊರಡಿಸಿತು. ಯಾವ ಪ್ಲಾನ್ ಇರಲಿ, ಎಷ್ಟೇ ರೀಚಾರ್ಜ್ ಇರಲಿ, 1900ಕ್ಕೆ ಮೆಸೇಜ್ ಹೋಗಲೇಬೇಕು. ಇದನ್ನು ಹೇಳಿ ನೋಡಿ. ಆಗಲೂ ಹೋಗದಿದ್ದರೆ ಅದಕ್ಕೂ ಡಾಕೆಟ್ ನಂಬರ್ ಕೇಳಿ.

ತಾಯಿಯವರ ಸಿಮ್ ಇತ್ತೀಚೆಗೆ ಕಳೆದು ಹೊಸದು ತೆಗೆದುಕೊಂಡಿದ್ದರೆ ಏಳು ದಿನ ಕಾಯಬೇಕು. 2024ರ ಜುಲೈ 1ರಿಂದ ಹಾಗಿದೆ. ಬೇರೆಯವರ ಹೆಸರಿನಲ್ಲಿ ಸಿಮ್ ತೆಗೆದು ನಂಬರ್ ಹಾರಿಸುವ ಕಳ್ಳರನ್ನು ತಡೆಯುವುದಕ್ಕೆ ಮಾಡಿದ ನಿಯಮ ಅದು. ಕೋಡ್ ಬಂದ ಮೇಲೆ ನಾಲ್ಕು ದಿನದೊಳಗೆ ಹೊಸ ಕಂಪನಿಯ ಅಂಗಡಿಗೆ ಆಧಾರ್ ತೆಗೆದುಕೊಂಡು ಹೋಗಿ. ಕರ್ನಾಟಕದೊಳಗೇ ಆದರೆ ಮೂರು ಕೆಲಸದ ದಿನದಲ್ಲಿ ಆಗುತ್ತೆ. ಮನಸ್ಸು ಬದಲಾದರೆ ಅರ್ಜಿ ಕೊಟ್ಟ 24 ಗಂಟೆಯೊಳಗೆ ಕ್ಯಾನ್ಸಲ್ ಅಂತ ಬರೆದು, ಜಾಗ ಬಿಟ್ಟು ನಂಬರ್ ಹಾಕಿ, ಅದೇ 1900ಕ್ಕೆ ಕಳಿಸಬಹುದು. ಕೋಡನ್ನು ಅಂಗಡಿಯಲ್ಲಿ ತಾಯಿಯವರೇ ತೋರಿಸಲಿ. ಫೋನ್ ಮಾಡಿ ಕೇಳಿದವರಿಗೆ, ಕಂಪನಿಯವರು ಅಂದರೂ ಸರಿ, ಹೇಳುವುದು ಬೇಡ.